ಜೋಳ, ಕಬ್ಬಿನ ದಂಟಿನಲ್ಲಿ ಇಂಧನದ ಜೊತೆಗೆ ಇನ್ನೇನು ಬೆಳೆಯಬಹುದು? ಗಡಿಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಜತ್, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ. ಇವೆಲ್ಲ ಮಹಾರಾಷ್ಟ್ರದಲ್ಲಿದ್ದರೂ ಇಲ್ಲಿನ ಎಷ್ಟೋ ಹೊಲಗಳಲ್ಲಿ, ಸಂತೆಗಳಲ್ಲಿ ಕನ್ನಡವೇ ನಡೆಯುತ್ತದೆ. ಸಕ್ಕರೆ ಕಾರ್ಖಾನೆಯ ಸಭೆ ಮಾತ್ರ ಮರಾಠಿಯಲ್ಲಿ, ವಿಜ್ಞಾನದ ವರದಿ ಇಂಗ್ಲಿಷಿನಲ್ಲಿ. ಜೈವಿಕ ಇಂಧನದ ಬೆಳೆಗಳ ಬಗ್ಗೆ ಹೊಸ ಸುದ್ದಿ ಬಂದಾಗಲೆಲ್ಲ ನಮ್ಮ ರೈತರೂ ಕಾಲೇಜಿನ ಹುಡುಗರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಕನ್ನಡದಲ್ಲಿ ಉತ್ತರಿಸಿದ್ದೇನೆ.

ಸಹ-ಉತ್ಪನ್ನ ಅಂದರೆ ಏನು? ಕಾಕಂಬಿ, ಸಿಪ್ಪೆ ಮೊದಲಿನಿಂದಲೂ ಇವೆಯಲ್ವಾ?

ಇವೆ. ಕಬ್ಬು ಅರೆದಾಗ ಸಕ್ಕರೆಯ ಜೊತೆ ಕಾಕಂಬಿ, ಸಿಪ್ಪೆ, ಪ್ರೆಸ್‌ಮಡ್ (ಹಾಲು ಸೋಸಿದಾಗ ಉಳಿಯುವ ಮಡ್ಡಿ) ಬರುತ್ತವೆ. ಸಿಪ್ಪೆ ಸುಟ್ಟು ಕರೆಂಟ್ ಮಾಡುತ್ತಾರೆ, ಕಾಕಂಬಿಯಿಂದ ಎಥೆನಾಲ್ ತೆಗೆಯುತ್ತಾರೆ. ಇವು ತಾವಾಗಿ ಉಳಿಯುವ ಪದಾರ್ಥಗಳು.

ಈಗ ಚರ್ಚೆಯಲ್ಲಿರುವುದು ಬೇರೆ. ಗಿಡದ ಜೀನ್‌ಗಳಲ್ಲಿ ಬದಲಾವಣೆ ಮಾಡಿ, ಅದು ಬೆಳೆಯುತ್ತಿರುವಾಗಲೇ ಎಲೆಯಲ್ಲಿ ಅಥವಾ ದಂಟಿನಲ್ಲಿ ಬೆಲೆಬಾಳುವ ಒಂದು ರಾಸಾಯನಿಕವನ್ನು ಕೂಡಿಡುವಂತೆ ಮಾಡುವುದು. ಕಟಾವಿನ ನಂತರ ಮೊದಲು ಆ ಪದಾರ್ಥವನ್ನು ತೆಗೆಯುತ್ತಾರೆ. ಉಳಿದ ನಾರನ್ನು ಸಕ್ಕರೆಯಾಗಿ ಒಡೆದು ಇಂಧನ ಮಾಡುತ್ತಾರೆ.

ಎಥೆನಾಲ್ ಮಾರಿದರೆ ಸಾಲದೇ? ಇದೆಲ್ಲ ಯಾಕೆ?

ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ, ಧಾನ್ಯದಿಂದ ಎಥೆನಾಲ್ ಮಾಡುವುದು ಸುಲಭ. ಭಾರತದಲ್ಲಿ ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ಇಟ್ಟಿದ್ದರು. ಅದನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿದ್ದಾರೆ. ಇದರಲ್ಲಿ ಬಹುಪಾಲು ಇಂಥ ಸುಲಭದ ಎಥೆನಾಲೇ.

ಕಷ್ಟ ಇರುವುದು ದಂಟು, ಹುಲ್ಲು, ರವದಿಯಿಂದ (ಕಬ್ಬಿನ ಒಣ ಎಲೆ) ಮಾಡುವಾಗ. ದಂಟಿನ ನಾರಿನಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಎಂಬ ಮೂರು ಪದಾರ್ಥ ಹೆಣೆದುಕೊಂಡಿರುತ್ತವೆ. ಮೊದಲಿನ ಎರಡರಲ್ಲಿ ಸಕ್ಕರೆ ಇದೆ, ಲಿಗ್ನಿನ್ ಅದನ್ನು ಬಿಡಿಸಲು ಬಿಡುವುದಿಲ್ಲ. ಬಿಡಿಸಬೇಕಾದರೆ ಆಮ್ಲ ಅಥವಾ ಕ್ಷಾರ ಬೇಕು, ಬಿಸಿ ಬೇಕು, ದುಬಾರಿ ಎಂಜೈಮ್ (ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್) ಬೇಕು. ಇಂಡಿಯನ್ ಆಯಿಲ್ 2022ರಲ್ಲಿ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ದಿನಕ್ಕೆ 100 ಕಿಲೋಲೀಟರ್ ಎಥೆನಾಲ್ ಮಾಡುವ ಘಟಕ ಶುರು ಮಾಡಿತು. ಇಂಥ ಘಟಕ ಕಟ್ಟಲು ಸರ್ಕಾರದ ಬೆಂಬಲ ಬೇಕೇಬೇಕು ಅನ್ನುವ ಕಾರಣಕ್ಕೇ 2019ರಲ್ಲಿ ‘ಜೀವನ್’ ಯೋಜನೆ ಬಂತು.

ಕಚ್ಚಾ ತೈಲದ ಸಂಸ್ಕರಣಾಗಾರಗಳನ್ನು ನೋಡಿ. ಅವು ಪೆಟ್ರೋಲ್, ಡೀಸೆಲ್ ಜೊತೆಗೆ ಪ್ಲಾಸ್ಟಿಕ್ಕಿನ ಕಚ್ಚಾವಸ್ತುಗಳನ್ನೂ ಮಾರುತ್ತವೆ. ಪ್ರಮಾಣದಲ್ಲಿ ಇಂಧನವೇ ಜಾಸ್ತಿ. ಆದರೆ ಚಿಕ್ಕ ಪಾಲಿನ ರಾಸಾಯನಿಕಗಳಿಂದ ಒಳ್ಳೆಯ ಲಾಭ ಬರುತ್ತದೆ. ಹುಲ್ಲಿನ ಇಂಧನಕ್ಕೂ ಅಂಥದೇ ಒಂದು ಆಧಾರ ಬೇಕು ಎಂಬುದು ಈ ಸಂಶೋಧನೆಯ ಹಿಂದಿನ ಲೆಕ್ಕ.

ಗಿಡಕ್ಕೆ ಇಂಥ ರಾಸಾಯನಿಕ ಮಾಡುವುದು ಹೇಗೆ ಬರುತ್ತದೆ?

ಬರುತ್ತದೆ. ಅದಕ್ಕೆ ನಮ್ಮ ಜೋಳವೇ ಸಾಕ್ಷಿ. ಮಳೆ ಕೈಕೊಟ್ಟು ಮುದುಡಿದ ಎಳೆ ಜೋಳಕ್ಕೆ ದನ ಬಾಯಿ ಹಾಕಿದರೆ ಸಾಯಬಹುದು ಅಂತ ನಮ್ಮ ಹಿರಿಯರಿಗೆಲ್ಲ ಗೊತ್ತು. ಕಾರಣ ಧುರಿನ್ ಎಂಬ ಪದಾರ್ಥ. ಎಲೆ ಅಗಿದಾಗ ಅದು ಒಡೆದು ಸಯನೈಡ್ ಬಿಡುತ್ತದೆ. ಅದನ್ನು ಜೋಳ ತನ್ನ ರಕ್ಷಣೆಗೆ ತಾನೇ ಮಾಡಿಕೊಳ್ಳುತ್ತದೆ. ಬೇರಿನಿಂದ ಸೋರ್ಗೋಲಿಯೋನ್ ಎಂಬ ಇನ್ನೊಂದು ಪದಾರ್ಥ ಬಿಡುತ್ತದೆ, ಅದು ಸುತ್ತಲಿನ ಕಳೆಯನ್ನು ತಡೆಯುತ್ತದೆ. ಇವನ್ನು ಯಾರೂ ಪ್ರಯೋಗಾಲಯದಲ್ಲಿ ಸೇರಿಸಿದ್ದಲ್ಲ.

ಗಿಡದೊಳಗೆ ಪ್ರತಿಯೊಂದು ಪದಾರ್ಥವೂ ಹಂತ ಹಂತವಾಗಿ ತಯಾರಾಗುತ್ತದೆ. ಪ್ರತಿ ಹಂತಕ್ಕೂ ಒಂದು ಎಂಜೈಮ್, ಪ್ರತಿ ಎಂಜೈಮ್‌ಗೂ ಒಂದು ಜೀನ್. ಬ್ಯಾಕ್ಟೀರಿಯಾದಿಂದ ಅಥವಾ ಬೇರೆ ಗಿಡದಿಂದ ಒಂದು ಜೀನ್ ತಂದು ಸೇರಿಸಿದರೆ ದಾರಿ ಒಂದು ಕಡೆ ಕವಲೊಡೆದು ಹೊಸ ಪದಾರ್ಥ ತಯಾರಾಗುತ್ತದೆ. ಲಿಗ್ನಿನ್‌ಗೆ ಹೋಗಬೇಕಿದ್ದ ಇಂಗಾಲದಲ್ಲಿ ಸ್ವಲ್ಪ ಪಾಲು ಈ ಕಡೆ ತಿರುಗಿದರೆ ಇನ್ನೂ ಒಳ್ಳೆಯದು.

ಹೇಳುವಷ್ಟು ಸುಲಭ ಅಲ್ಲ ಅನ್ನಿ. ಹೊಸ ಪದಾರ್ಥ ಗಿಡಕ್ಕೇ ವಿಷವಾಗಬಹುದು. ಅದಕ್ಕೆ ಅದು ಜೀವಕೋಶದ ಯಾವ ಭಾಗದಲ್ಲಿ ಶೇಖರವಾಗಬೇಕು, ಎಲೆಯಲ್ಲೋ ದಂಟಿನಲ್ಲೋ, ಯಾವ ವಯಸ್ಸಿನಲ್ಲಿ ಶುರುವಾಗಬೇಕು ಅಂತ ಜೀನಿನ ಜೊತೆಗೇ ಸೂಚನೆ ಸೇರಿಸಬೇಕು. ಜೋಳಕ್ಕೆ ಹೊರಗಿನ ಜೀನ್ ಸೇರಿಸುವುದೇ ಬಹಳ ಕಾಲ ಕಷ್ಟದ ಕೆಲಸವಾಗಿತ್ತು. ಅದು ಮೊದಲು ಯಶಸ್ವಿಯಾದದ್ದು 1993ರಲ್ಲಿ.

ಇಲ್ಲಿಯವರೆಗೆ ಏನೇನು ಮಾಡಿ ನೋಡಿದ್ದಾರೆ?

1992ರಲ್ಲಿ ಅರಾಬಿಡಾಪ್ಸಿಸ್ ಎಂಬ ಪುಟ್ಟ ಪ್ರಯೋಗದ ಗಿಡದಲ್ಲಿ ಬ್ಯಾಕ್ಟೀರಿಯಾದ ಜೀನ್ ಇಟ್ಟು ಪಿಎಚ್‌ಬಿ ಎಂಬ, ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್ ಮಾಡಿಸಿದರು. ಮುಂದೆ ಆಸ್ಟ್ರೇಲಿಯಾದವರು ಅದನ್ನು ಕಬ್ಬಿನ ಎಲೆಯಲ್ಲೂ ಮಾಡಿಸಿದರು.

ನನಗೆ ಮುಖ್ಯ ಅನ್ನಿಸುವುದು 2005ರ ಕಬ್ಬಿನ ಪ್ರಯೋಗ. ಬ್ಯಾಕ್ಟೀರಿಯಾದ ಜೀನ್ ಬಳಸಿ ಹೈಡ್ರಾಕ್ಸಿಬೆಂಜೋಯಿಕ್ ಆಮ್ಲ ಎಂಬ ಪದಾರ್ಥ ಮಾಡಿಸಿದರು. ಗಟ್ಟಿ ಪ್ಲಾಸ್ಟಿಕ್‌ಗೂ, ಸೌಂದರ್ಯವರ್ಧಕಗಳು ಕೆಡದಂತೆ ಇಡುವ ಪದಾರ್ಥಕ್ಕೂ ಇದು ಕಚ್ಚಾವಸ್ತು. ಒಣ ತೂಕದಲ್ಲಿ ಎಲೆಯಲ್ಲಿ ಶೇ. 7.3ರವರೆಗೆ, ದಂಟಿನಲ್ಲಿ ಶೇ. 1.5ರವರೆಗೆ ಸಿಕ್ಕಿತು. ಎಲೆಯಲ್ಲಿ ಜಾಸ್ತಿ ಸಿಕ್ಕಿದ್ದನ್ನು ಗಮನಿಸಿ. ಕಬ್ಬಿನ ಎಲೆ ಅಂದರೆ ನಾವು ಹೊಲದಲ್ಲಿ ಬೆಂಕಿ ಹಚ್ಚುವ ರವದಿ.

ಅಮೆರಿಕದಲ್ಲಿ ಇಲಿನಾಯ್, ಫ್ಲೋರಿಡಾ ವಿಶ್ವವಿದ್ಯಾಲಯಗಳ ತಂಡಗಳು ‘ಆಯಿಲ್‌ಕೇನ್’ ಎಂಬ ಕಬ್ಬು ಬೆಳೆಸಿವೆ. ಅದರ ಎಲೆ, ದಂಟಿನಲ್ಲಿ ಎಣ್ಣೆ ಕೂಡುತ್ತದೆ. ಹಾಲಿನಿಂದ ಎಥೆನಾಲ್, ಎಣ್ಣೆಯಿಂದ ಬಯೋಡೀಸೆಲ್ ಎಂಬುದು ಅವರ ಯೋಜನೆ. ಆದರೆ ಹೊಲದಲ್ಲಿ ಒಂದು ಮಾತು ಸ್ಪಷ್ಟವಾಯಿತು. ಎಣ್ಣೆ ತೀರಾ ಜಾಸ್ತಿ ಕೂಡಿದ ತಳಿಗಳಲ್ಲಿ ಬೆಳೆ ಸೊರಗಿ ಇಳುವರಿ ಬಿತ್ತು.

ಮಾರುಕಟ್ಟೆಗೇ ಬಂದ ಹತ್ತಿರದ ಉದಾಹರಣೆ ಸಿಂಜೆಂಟಾ ಕಂಪನಿಯ ‘ಎನೋಜೆನ್’ ಮೆಕ್ಕೆಜೋಳ. ಅದಕ್ಕೆ ಅಮೆರಿಕ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಪಿಷ್ಟವನ್ನು ಒಡೆಯುವ ಎಂಜೈಮ್ ಕಾಳಿನಲ್ಲೇ ಇರುತ್ತದೆ, ಎಥೆನಾಲ್ ಕಾರ್ಖಾನೆ ಅದನ್ನು ಹೊರಗಿನಿಂದ ಕೊಳ್ಳಬೇಕಿಲ್ಲ.

ಲಾಭ ಆಗಬೇಕಾದರೆ ಎಷ್ಟು ಕೂಡಬೇಕು?

ಕ್ಯಾಲಿಫೋರ್ನಿಯಾದ ಜಾಯಿಂಟ್ ಬಯೋಎನರ್ಜಿ ಇನ್‌ಸ್ಟಿಟ್ಯೂಟ್‌ನವರು 2020ರಲ್ಲಿ ಜೋಳದ ಬೆಳೆಯನ್ನೇ ಆಧಾರವಾಗಿಟ್ಟು ಈ ಲೆಕ್ಕ ಹಾಕಿದರು. ಕಿತ್ತಳೆ ಸಿಪ್ಪೆಗೆ ವಾಸನೆ ಕೊಡುವ ಲಿಮೋನೀನ್ ಆದರೆ ಒಣ ತೂಕದ ಶೇ. 0.6ರಷ್ಟು ಕೂಡಿದರೂ ಘಟಕಕ್ಕೆ ಪ್ರಯೋಜನ ಇದೆ ಎಂದು ಕಂಡರು. 10 ಟನ್ ಒಣ ದಂಟಿನಲ್ಲಿ 60 ಕಿಲೋ ಆಯಿತು. ಕೇಳಲು ಚಿಕ್ಕ ಅಂಕಿ, ಅದೇ ಇದರ ಆಶಾದಾಯಕ ಭಾಗ.

ಆದರೆ ಇಲ್ಲೇ ಎಚ್ಚರ ಬೇಕು. ಬೆಲೆ ಜಾಸ್ತಿ ಇರುವ ಪದಾರ್ಥಕ್ಕೆ ಮಾರುಕಟ್ಟೆ ಚಿಕ್ಕದು. ಕೆಲವೇ ದೊಡ್ಡ ಘಟಕಗಳು ಲಿಮೋನೀನ್ ಮಾಡಲು ಶುರು ಮಾಡಿದರೂ ಬೇಡಿಕೆ ತುಂಬಿ ಬೆಲೆ ಇಳಿಯುತ್ತದೆ. ಗ್ಲಿಸರಿನ್‌ಗೆ ಇದೇ ಆಯಿತು. ಬಯೋಡೀಸೆಲ್ ಮಾಡುವಾಗ ಗ್ಲಿಸರಿನ್ ಉಳಿಯುತ್ತದೆ. 2000ದ ದಶಕದಲ್ಲಿ ಬಯೋಡೀಸೆಲ್ ಬೆಳೆದಂತೆ ಗ್ಲಿಸರಿನ್ ರಾಶಿಯಾಗಿ, ಅದರ ಬೆಲೆ ಕುಸಿಯಿತು. ಲಾಭದ ಲೆಕ್ಕ ತೋರಿಸುವವರನ್ನು ‘ಇದನ್ನೇ ಇನ್ನೂ ಹತ್ತು ಕಾರ್ಖಾನೆ ಮಾಡಿದರೆ ಬೆಲೆ ಎಷ್ಟಾಗುತ್ತದೆ?’ ಅಂತ ಕೇಳಲೇಬೇಕು.

ಎಲ್ಲರೂ ಜೋಳದ ಹಿಂದೆ ಯಾಕೆ ಬಿದ್ದಿದ್ದಾರೆ?

ನೀರು. ಕಬ್ಬಿಗೆ ಒಂದು ಬೆಳೆಗೆ 1500ರಿಂದ 2500 ಮಿ.ಮೀ. ನೀರು ಬೇಕು, ಜೋಳಕ್ಕೆ 450ರಿಂದ 650 ಮಿ.ಮೀ. ಸಾಕು. ಅಡಸಾಲಿ ಕಬ್ಬು ಒಂದೂವರೆ ವರ್ಷ ಹೊಲದಲ್ಲಿ ನಿಲ್ಲುತ್ತದೆ. ಸಿಹಿ ಜೋಳ (ಕಬ್ಬಿನಂತೆ ದಂಟಿನಲ್ಲಿ ಸಿಹಿ ಹಾಲಿರುವ ಜೋಳ) ನಾಲ್ಕು ತಿಂಗಳಿಗೆ ಕಟಾವಿಗೆ ಬರುತ್ತದೆ. ಉಜನಿ ಅಣೆಕಟ್ಟಿನ ಮಟ್ಟ ನೋಡಿಕೊಂಡೇ ಉಸಿರಾಡುವ ಸೊಲ್ಲಾಪುರ ಜಿಲ್ಲೆಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆ ಕಡಿಮೆಯಾದ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತ್ತು. ಕಬ್ಬನ್ನೇ ನಂಬಿದ ಇಂಧನಕ್ಕೆ ಬರಗಾಲ ಬಂದರೆ ಹೀಗಾಗುತ್ತದೆ.

ಇನ್ನೊಂದು ಕಾರಣ, ಜೋಳದ ಜೀನೋಮ್ (ಅದರ ಎಲ್ಲ ಜೀನ್‌ಗಳ ಪೂರ್ತಿ ಬರಹ) ಚಿಕ್ಕದು. ಅದನ್ನು 2009ರಲ್ಲೇ ಓದಿ ಮುಗಿಸಿದರು. ಕಬ್ಬಿನದು ತುಂಬ ಗೋಜಲು. ಸಕ್ಕರೆಗಾಗಿ ಬೆಳೆಸುವ ಒಂದು ತಳಿಯ ಜೀನೋಮ್ ಪೂರ್ತಿಯಾಗಿ ಪ್ರಕಟವಾದದ್ದು 2024ರಲ್ಲಿ.

ಸಿಹಿ ಜೋಳ ನಮಗೆ ಪೂರ್ತಿ ಹೊಸದೂ ಅಲ್ಲ. ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ‘ಮಧುರಾ’ ಎಂಬ ತಳಿ ಮಾಡಿ, ಅದರ ಹಾಲಿನಿಂದ ಎಥೆನಾಲನ್ನೂ ಕಾಕಂಬಿಯಂಥ ಪಾಕವನ್ನೂ ತೆಗೆದು ತೋರಿಸಿದೆ. ಒಂದೇ ಗಿಡದಿಂದ ತೆನೆ, ಹಾಲು, ಮೇವು ಮೂರೂ ಸಿಗುತ್ತವೆ. ತೊಂದರೆ ಏನೆಂದರೆ ಕಡಿದ ದಂಟನ್ನು ಒಂದೆರಡು ದಿನದಲ್ಲಿ ಅರೆಯದಿದ್ದರೆ ಸಿಹಿ ಇಳಿದುಹೋಗುತ್ತದೆ. ಮತ್ತೆ, ಇದು ಹಿಂಗಾರಿಗಿಂತ ಮುಂಗಾರಿಗೆ ಒಗ್ಗುತ್ತದೆ. ನಮ್ಮ ಎರೆ ಹೊಲದ ಹಿಂಗಾರಿ ಜೋಳದ ಜಾಗಕ್ಕೆ ಇದನ್ನು ತಂದು ಕೂರಿಸಲಾಗದು.

ಇಂಥ ಜೋಳದ ಕಣಕಿಯನ್ನು ದನಕ್ಕೆ ಹಾಕಬಹುದಾ?

ನನ್ನ ಪ್ರಕಾರ ನಮ್ಮ ಭಾಗಕ್ಕೆ ಇದೇ ಮೊದಲ ಪ್ರಶ್ನೆ. ಉಳಿದದ್ದೆಲ್ಲ ಆಮೇಲೆ.

ವಿದೇಶದ ಲೆಕ್ಕಗಳಲ್ಲಿ ಜೋಳದ ದಂಟು ‘ಜೀವರಾಶಿ’, ಸುಮ್ನೆ ಟನ್‌ಗಟ್ಟಲೆ ಕಚ್ಚಾವಸ್ತು. ಜತ್ ತಾಲೂಕಿನಲ್ಲಿ ಅದು ಬೇಸಿಗೆಯ ಮೇವು. ಮಳೆ ಹೋದ ವರ್ಷ ಬಣವಿಯಲ್ಲಿರುವ ಕಣಕಿಗೆ ಕಾಳಿನಷ್ಟೇ ಬೆಲೆ ಬರುತ್ತದೆ. ಮೇವಿಲ್ಲದೆ ಜೋಡೆತ್ತು ಮಾರಿದ ಮನೆಗಳು ಪ್ರತಿ ಊರಲ್ಲೂ ಇವೆ. ಕಣಕಿಯನ್ನು ತ್ಯಾಜ್ಯ ಎಂದು ಬರೆಯುವ ಯಾವ ಯೋಜನೆಯನ್ನೂ ನಾನು ಒಪ್ಪುವುದಿಲ್ಲ.

ಇನ್ನು ಸುರಕ್ಷತೆ. ದಂಟಿನಲ್ಲಿ ಹೊಸ ರಾಸಾಯನಿಕ ಕೂಡಿದ್ದರೆ, ಅದು ದನದ ಹೊಟ್ಟೆಯಲ್ಲಿ ಏನಾಗುತ್ತದೆ, ಹಾಲಿಗೆ ಇಳಿಯುತ್ತದೆಯೇ ಎಂದು ಪ್ರತಿ ಪದಾರ್ಥಕ್ಕೂ ಬೇರೆ ಬೇರೆ ಪರೀಕ್ಷೆ ಆಗಬೇಕು. ಎಣ್ಣೆ ಕೂಡಿದ ದಂಟು ಮೇವಿಗೆ ಇನ್ನಷ್ಟು ಪುಷ್ಟಿ ಕೊಡಬಹುದು. ಪ್ಲಾಸ್ಟಿಕ್ಕಿನ ಕಚ್ಚಾವಸ್ತು ಕೂಡಿದ ದಂಟಿನ ಮಾತು ಬೇರೆ. ಎರಡಕ್ಕೂ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಅಂಥ ಹೊಲದ ಬದುವಿನ ಹುಲ್ಲಿಗೂ ದನ ಬಿಡದಿರುವುದೇ ಸರಿ.

ಮೇವಿಗೂ ಇಂಧನಕ್ಕೂ ಎರಡಕ್ಕೂ ಆಗುವ ಜೋಳ ಇಲ್ವಾ?

ಇದೆ. 1978ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ರಾಸಾಯನಿಕದಿಂದ ಬೀಜ ಉಪಚರಿಸಿ, ಎಲೆಯ ನಡುನರ ಕಂದು ಬಣ್ಣಕ್ಕೆ ತಿರುಗಿದ ಜೋಳಗಳನ್ನು ಆರಿಸಿದರು. ಇವುಗಳಲ್ಲಿ ಲಿಗ್ನಿನ್ ಕಡಿಮೆ. ದನಕ್ಕೆ ಬೇಗ ಜೀರ್ಣವಾಗುತ್ತದೆ. ಅದೇ ಕಾರಣಕ್ಕೆ ಎಥೆನಾಲ್ ಮಾಡುವಾಗಲೂ ಸಕ್ಕರೆ ಸುಲಭವಾಗಿ ಬಿಡುಗಡೆಯಾಗುತ್ತದೆ. ದನದ ಹೊಟ್ಟೆಗೂ ಇಂಧನ ಘಟಕಕ್ಕೂ ಅಡ್ಡಿಯಾಗುವುದು ಒಂದೇ ಲಿಗ್ನಿನ್.

ಇದರಲ್ಲಿ ಹೊರಗಿನ ಜೀನ್ ಇಲ್ಲ. ಜೋಳದ್ದೇ ಒಂದು ಜೀನ್ ಕೆಲಸ ನಿಲ್ಲಿಸಿದೆ, ಅಷ್ಟೆ. ದೋಷವೂ ಇದೆ. ಲಿಗ್ನಿನ್ ಕಡಿಮೆಯಾದರೆ ದಂಟಿನ ಗಟ್ಟಿತನ ಕಡಿಮೆ, ಗಾಳಿಗೆ ಬೆಳೆ ಮಲಗಬಹುದು, ಕೆಲವು ತಳಿಗಳಲ್ಲಿ ಇಳುವರಿಯೂ ಇಳಿಯುತ್ತದೆ. ಆದರೂ ಸೊಲ್ಲಾಪುರದಲ್ಲೇ ಹಿಂಗಾರಿ ಜೋಳದ ಸಂಶೋಧನಾ ಕೇಂದ್ರ ಇದೆ. ಮೊದಲ ಹಣ, ಮೊದಲ ಶ್ರಮ ಈ ದಿಕ್ಕಿನಲ್ಲಿ ಹೋಗಲಿ ಎಂಬುದು ನನ್ನ ಆಸೆ. ಸಂಸ್ಕರಣಾ ಘಟಕ ಬರದಿದ್ದರೂ ರೈತನ ಕೈಯಲ್ಲಿ ಒಳ್ಳೆಯ ಮೇವಂತೂ ಉಳಿಯುತ್ತದೆ.

ಪಕ್ಕದ ಹೊಲದಿಂದ ಪರಾಗ ಬಂದು ನಮ್ಮ ಮಾಲದಂಡಿ ಜೋಳ ಕೆಡುತ್ತದಾ?

ಈ ಭಯ ಸರಿಯಾದದ್ದೇ. ಜೋಳ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದರೆ ಒಂದು ಪಾಲು ಪರಾಗ ಗಾಳಿಯಲ್ಲಿ ಬಂದೇ ಬರುತ್ತದೆ. ಕಾಡು ಜೋಳದ ಜಾತಿಯ ಹುಲ್ಲುಗಳ ಜೊತೆಗೂ ಬೆಸೆಯುತ್ತದೆ. ಕಬ್ಬಿನಲ್ಲಿ ಈ ಸಮಸ್ಯೆ ಕಡಿಮೆ. ಅದನ್ನು ತುಂಡು ನೆಟ್ಟು ಬೆಳೆಸುತ್ತೇವೆ, ಬೀಜ ಕಟ್ಟುವ ಮೊದಲೇ ಕಡಿಯುತ್ತೇವೆ.

2002ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಔಷಧದ ಪ್ರೋಟೀನ್‌ಗಾಗಿ ಬೆಳೆಸಿದ್ದ ಮೆಕ್ಕೆಜೋಳದ ಉದುರಿದ ಕಾಳು ತಾನಾಗಿ ಮೊಳೆತು ಮರುವರ್ಷದ ಸೋಯಾ ಜೊತೆ ಬೆರೆತು, ದೊಡ್ಡ ದಾಸ್ತಾನನ್ನೇ ನಾಶ ಮಾಡಬೇಕಾಯಿತು. ಪ್ರೋಡಿಜೀನ್ ಪ್ರಕರಣ ಎಂದೇ ಅದು ಪ್ರಸಿದ್ಧ. ಅದು ಪರಾಗದ್ದಲ್ಲ, ಹಿಂದಿನ ಬೆಳೆಯ ಕಾಳು ಹೊಲದಲ್ಲಿ ಉಳಿದದ್ದರಿಂದ ಆದದ್ದು. ಅಷ್ಟು ಕಟ್ಟುನಿಟ್ಟಿನ ಪ್ರಯೋಗದಲ್ಲೇ ಹೀಗಾದರೆ, ತುಂಡು ತುಂಡು ಹೊಲಗಳ ನಮ್ಮ ಊರಲ್ಲಿ ಎರಡು ಜೋಳಗಳನ್ನು ಬೇರೆ ಇಡುವುದು ಎಷ್ಟು ಕಷ್ಟ ಯೋಚಿಸಿ.

ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅದು ರೊಟ್ಟಿಯ ಜೋಳ, ಸೀತನಿಯ (ಸುಟ್ಟ ಎಳೆ ತೆನೆಯ ಕಾಳು) ಜೋಳ. ಕೈಗಾರಿಕೆಯ ಜೋಳ ಆ ತಾಲೂಕಿಗೆ ಬರಬಾರದು. ಬರುವುದಾದರೆ ಹೂ ಬಿಡದ ಅಥವಾ ಪರಾಗವಿಲ್ಲದ ತಳಿಯೇ ಆಗಿರಬೇಕು.

ಇಂಥ ಬೀಜ ಈಗ ಸಿಗುತ್ತದಾ?

ಇಲ್ಲ. ಭಾರತದಲ್ಲಿ ವಾಣಿಜ್ಯವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ 2002ರಿಂದ ಬಿಟಿ ಹತ್ತಿ ಒಂದೇ. ಬಿಟಿ ಬದನೆ 2010ರಲ್ಲಿ ತಡೆಯಾಯಿತು. ಕುಲಾಂತರಿ ಸಾಸಿವೆಗೆ 2022ರಲ್ಲಿ ಒಪ್ಪಿಗೆ ಸಿಕ್ಕರೂ 2024ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೊರಗಿನ ಜೀನ್ ಇರುವ ಜೋಳವಾಗಲಿ ಕಬ್ಬಾಗಲಿ ಬರಬೇಕಾದರೆ ಇದೇ ದಾರಿಯಲ್ಲಿ, ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿಯ ಮುಂದೆ ಹಾದು ಬರಬೇಕು. ಯಾರಾದರೂ ಚೀಲದಲ್ಲಿ ತಂದು ಮಾರಿದರೆ ಅದು ಅಕ್ರಮ, ಕೊಳ್ಳಬೇಡಿ.

ಜೀನ್ ಎಡಿಟಿಂಗ್‌ಗೆ (ಗಿಡದ್ದೇ ಜೀನನ್ನು ತಿದ್ದುವುದು) ದಾರಿ ಸ್ವಲ್ಪ ಸಲೀಸು. ಹೊರಗಿನ ಜೀನ್ ಉಳಿಯದ ಎಡಿಟಿಂಗ್‌ಗೆ 2022ರಲ್ಲಿ ಈ ನಿಯಮಗಳಿಂದ ವಿನಾಯಿತಿ ಸಿಕ್ಕಿತು. 2025ರಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಲಿಗ್ನಿನ್ ಕಡಿಮೆ ಮಾಡುವುದು, ಧುರಿನ್ ತೆಗೆಯುವುದು ಈ ದಾರಿಯಲ್ಲಿ ಸಾಧ್ಯ. ಪೂರ್ತಿ ಹೊಸ ಪದಾರ್ಥ ಮಾಡಿಸುವುದಕ್ಕೆ ಸಾಮಾನ್ಯವಾಗಿ ಹೊರಗಿನ ಜೀನ್ ಬೇಕಾಗುತ್ತದೆ.

ಜೀನ್ ಮುಟ್ಟದೆಯೇ ಸಹ-ಉತ್ಪನ್ನ ತೆಗೆಯಲು ಆಗುವುದಿಲ್ವಾ?

ಆಗುತ್ತದೆ, ಭಾರತದಲ್ಲೇ ಆಗುತ್ತಿದೆ. ಅಸ್ಸಾಮಿನ ನುಮಾಲಿಗಢದಲ್ಲಿ 2025ರಲ್ಲಿ ಉದ್ಘಾಟನೆಯಾದ ಘಟಕ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಹಸಿ ಬಿದಿರಿನಿಂದ ಎಥೆನಾಲ್ ಮಾಡಲು ಕಟ್ಟಿದ್ದು. ಜೊತೆಗೆ ಫರ್ಫ್ಯೂರಾಲ್ (ರಾಳ, ದ್ರಾವಕ ಮಾಡಲು ಬಳಸುವ ರಾಸಾಯನಿಕ), ಅಸೆಟಿಕ್ ಆಮ್ಲವೂ ಬರುತ್ತವೆ. ಬಿದಿರು ಮಾಮೂಲಿ ಬಿದಿರೇ. ಫರ್ಫ್ಯೂರಾಲ್ ಕಬ್ಬಿನ ಸಿಪ್ಪೆಯಿಂದಲೂ ಬರುತ್ತದೆ. ಡಿಸ್ಟಿಲರಿಯ ಸ್ಪೆಂಟ್‌ವಾಶ್ (ಎಥೆನಾಲ್ ತೆಗೆದ ಮೇಲೆ ಉಳಿಯುವ ಕೊಳೆನೀರು) ಸುಟ್ಟ ಬೂದಿಯಿಂದ ಪೊಟ್ಯಾಶ್ ಗೊಬ್ಬರ ಮಾಡುತ್ತಾರೆ. 2021ರಿಂದ ಅದಕ್ಕೆ ಕೇಂದ್ರದ ಸಬ್ಸಿಡಿಯೂ ಇದೆ. ಪ್ರೆಸ್‌ಮಡ್‌ನಿಂದ ಗ್ಯಾಸ್ ಬರುತ್ತದೆ.

ಲಾಭ ರೈತರಿಗೆ ಬರುತ್ತದಾ, ಕಾರ್ಖಾನೆಗೇ ಹೋಗುತ್ತದಾ?

ಈಗಿನ ಲೆಕ್ಕ ನೋಡೋಣ. ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ದರ) 2025-26ಕ್ಕೆ ಕ್ವಿಂಟಲ್‌ಗೆ 355 ರೂಪಾಯಿ ಇತ್ತು, ಅದೂ ಶೇ. 10.25 ರಿಕವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು). ಅಂದರೆ ದರ ನಿಂತಿರುವುದು ತೂಕ ಮತ್ತು ಸಕ್ಕರೆಯ ಮೇಲೆ. ದಂಟಿನಲ್ಲಿ ಬೇರೆ ಏನೇ ಕೂಡಿದ್ದರೂ ಆ ಅಂಕಿಯಲ್ಲಿ ಕಾಣುವುದಿಲ್ಲ.

2012ರಲ್ಲಿ ರಂಗರಾಜನ್ ಸಮಿತಿ ಒಂದು ಸೂತ್ರ ಕೊಟ್ಟಿತು. ಸಕ್ಕರೆ ಮತ್ತು ಮುಖ್ಯ ಉಪ-ಉತ್ಪನ್ನಗಳ ಆದಾಯದಲ್ಲಿ ಶೇ. 70 ರೈತರಿಗೆ. ಮಹಾರಾಷ್ಟ್ರ 2013ರಲ್ಲಿ ಇದರ ಆಧಾರದ ಮೇಲೆ ಕಾಯ್ದೆ ಮಾಡಿತು. ಸಮಿತಿಯ ಮನಸ್ಸಿನಲ್ಲಿದ್ದ ಉಪ-ಉತ್ಪನ್ನಗಳು ಕಾಕಂಬಿ, ಸಿಪ್ಪೆ, ಪ್ರೆಸ್‌ಮಡ್. ಎಲೆಯಲ್ಲಿ ಕೂಡಿದ ರಾಸಾಯನಿಕದ ಹೆಸರು ಅಲ್ಲಿಲ್ಲ. ಆ ಹೆಸರು ಸೇರುವ ತನಕ, ಹೊಲದಲ್ಲಿ ಬೆಳೆದ ಬೆಲೆ ತೂಕದ ಕಾಟಾದಲ್ಲಿ ಸಿಗುವುದಿಲ್ಲ.

ಜೋಳಕ್ಕಂತೂ ಇಷ್ಟೂ ಇಲ್ಲ. ಕಾಳಿಗೆ ಬೆಂಬಲ ಬೆಲೆ ಇದೆ, ದಂಟಿಗೆ ಇಲ್ಲ. ಆದ್ದರಿಂದ ಯಾರಾದರೂ ಕರಾರು ತಂದರೆ ಅದರಲ್ಲಿ ಪದಾರ್ಥದ ಪ್ರಮಾಣ ಅಳೆಯುವವರು ಯಾರು, ಆ ಅಳತೆ ರೈತನ ಎದುರಿಗೇ ಆಗುತ್ತದೆಯೇ, ಅದಕ್ಕೆ ದರ ಎಷ್ಟು, ಮರಳಿ ಸಿಗುವ ಮೇವು ಎಷ್ಟು ಅಂತ ಬರಹದಲ್ಲಿ ಇರಬೇಕು. ಬಾಯಿಮಾತಿಗೆ ಬಿತ್ತಬೇಡಿ. ಕರಾರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡದಲ್ಲಿ ಓದಿಸಿಕೊಂಡೇ ಸಹಿ ಹಾಕಿ.

ಇದೂ ಜತ್ರೋಫಾ ಥರ ಆಗುವುದಿಲ್ಲ ಅಂತ ಏನು ಖಾತ್ರಿ?

ಖಾತ್ರಿ ಯಾರೂ ಕೊಡಲಾರರು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜತ್ರೋಫಾ ಎಂಬ ಎಣ್ಣೆಕಾಯಿಯ ಗಿಡ ಬೆಳೆಸಿ ಅಂದಿತು. ಪಾಳುಭೂಮಿಯಲ್ಲಿ, ನೀರಿಲ್ಲದೆ ಎಣ್ಣೆ ಬರುತ್ತದೆ ಎಂಬ ಭರವಸೆ ಇತ್ತು. ಗಿಡ ಬದುಕಿತು, ಕಾಯಿ ಮಾತ್ರ ಹೇಳಿದಷ್ಟು ಬರಲಿಲ್ಲ. ಕೊಳ್ಳುವವರೂ ಇರಲಿಲ್ಲ. ಒಂದು ವ್ಯತ್ಯಾಸ ಇದೆ. ಜತ್ರೋಫಾ ಅದುವರೆಗೆ ಬೇಸಾಯದ ಬೆಳೆಯೇ ಆಗಿರಲಿಲ್ಲ, ಅದಕ್ಕೆ ಒಳ್ಳೆಯ ತಳಿಗಳಿರಲಿಲ್ಲ. ಜೋಳವನ್ನು ನಾವು ತಲೆತಲಾಂತರದಿಂದ ಬಲ್ಲೆವು. ಕೊಳ್ಳುವವರು ಬರದಿದ್ದರೂ ಮೇವಾಗಿ ಬಳಸಬಹುದಾದ ತಳಿಯಾದರೆ ನಷ್ಟ ಸೀಮಿತ. ಮೇವಿಗೂ ಬಾರದ ತಳಿಯಾದರೆ ಜತ್ರೋಫಾಕ್ಕಿಂತ ಕೆಟ್ಟದ್ದು, ಯಾಕೆಂದರೆ ಇದನ್ನು ಬಿತ್ತುವುದು ಪಾಳುಭೂಮಿಯಲ್ಲಲ್ಲ, ಒಳ್ಳೆಯ ಹೊಲದಲ್ಲಿ.

ನಮ್ಮ ಮಕ್ಕಳು ಈ ಕ್ಷೇತ್ರಕ್ಕೆ ಹೋಗಬೇಕಾದರೆ ಏನು ಓದಬೇಕು?

ಕೃಷಿ ಬಿಎಸ್ಸಿ, ಬಯೋಟೆಕ್ನಾಲಜಿ ಅಥವಾ ಕೆಮಿಕಲ್ ಎಂಜಿನಿಯರಿಂಗ್. ಜೋಳದ ಕೆಲಸಕ್ಕೆ ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಅಲ್ಲೇ ಹತ್ತಿರದ ಇಕ್ರಿಸಾಟ್, ನಮ್ಮ ಕಡೆ ಧಾರವಾಡ ಮತ್ತು ರಾಹುರಿಯ ಕೃಷಿ ವಿಶ್ವವಿದ್ಯಾಲಯಗಳಿವೆ. ಕಬ್ಬಿಗೆ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ, ಪುಣೆ ಹತ್ತಿರದ ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್. ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು ಜೀವಶಾಸ್ತ್ರದ ಜೊತೆ ರಸಾಯನಶಾಸ್ತ್ರವನ್ನೂ ಬಿಡದೆ ಓದಲಿ. ಗಿಡದೊಳಗೆ ಪದಾರ್ಥ ಮಾಡಿಸುವುದು ಅರ್ಧ ಕೆಲಸ. ಅದನ್ನು ಕಡಿಮೆ ಖರ್ಚಿನಲ್ಲಿ ಹೊರಗೆ ತೆಗೆದು, ಉಳಿದ ನಾರನ್ನು ದನ ತಿನ್ನುವ ಹಾಗೆ ಉಳಿಸುವ ಕೆಲಸಕ್ಕೆ ಇನ್ನೂ ಜನ ಬೇಕು.